ವಿಲಾಯತಿಯಲ್ಲಿ ಕೈ ಕಟ್ಟಿ ನಿಲ್ಲಲು ಕಲಿತದ್ದು

ಧಾರವಾಡ: ಒರಳಿನ ಮುಂದೆ

ನಾನು ಶೇಂಗಾ ಚಟ್ನಿ ಕುಟ್ಟುತ್ತ ಕೂತಿದ್ದೆ. ಬೆಳ್ಳುಳ್ಳಿ ಹಾಕಿಯಾಗಿತ್ತು, ಜೀರಿಗೆ ಹಾಕುವುದಿತ್ತು. ಅಷ್ಟರಲ್ಲಿ ನಮ್ಮವರು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಯಿಂದ ಬಂದರು. ಅವರು ಡಾಕ್ಟರು. ಮಧ್ಯಾಹ್ನದ ಊಟಕ್ಕೇ ತಡವಾಗಿ ಬರುವವರು ಹಾಗೆ ಬಂದು ನಿಂತದ್ದು ನೋಡಿ, ಯಾರಿಗೋ ಏನೋ ಆಯಿತೆಂದು ಕುಟ್ಟುವುದು ಬಿಟ್ಟು ಎದ್ದೆ.

"ವಿಲಾಯತಿಗೆ ಹೋಗೂದು ಬಂದೈತಿ" ಎಂದರು.

"ಯಾರ್ದು?"

"ನಂದು. ಮತ್ತ ಯಾರ್ದು?"

ಅವರಿಗೆ ಮುಂಬಯಿಯಲ್ಲಿ ವೈದ್ಯ ಕಲಿಸಿದ ಸಾಹೇಬರೊಬ್ಬರು ತಮ್ಮ ದೇಶಕ್ಕೆ ಮರಳಿದ್ದರು. ಹಾಸಿಗೆ ಹಿಡಿದ ಮುದುಕ ಮುದುಕಿಯರನ್ನು ನೋಡಿಕೊಳ್ಳುವುದು ಹೇಗೆಂದು ಈಗ ಅಲ್ಲಿ ಡಾಕ್ಟರರಿಗೂ ನರ್ಸುಗಳಿಗೂ ಪಾಠ ಹೇಳುತ್ತಿದ್ದರಂತೆ. ಚಳಿಗಾಲ ಕಳೆಯುವತನಕ ಬಂದು ಕಲಿತು ಹೋಗು, ನಿನ್ನ ಊರಿನಲ್ಲಿ ಕಲಿಸು ಎಂದು ಕರೆದಿದ್ದರು. ಯುದ್ಧ ಮುಗಿದು ಬಹಳ ದಿನಗಳಾಗಿರಲಿಲ್ಲ. ಹಡಗುಗಳು ಆಗ ತಾನೇ ಮಂದಿಯನ್ನು ಹತ್ತಿಸಿಕೊಳ್ಳತೊಡಗಿದ್ದವು.

ನನಗೆ ನಗೆ ಬಂತು. "ಮುದುಕ್ರನ್ನ ನೋಡ್ಕೊಳ್ಳಾಕ ಸಾಲಿ ಯಾಕ ಬೇಕ್ರಿ? ಮನ್ಯಾಗ ಸೊಸಿ ಇದ್ರ ಸಾಕಲ್ಲ."

ಒಳಗಿನಿಂದ ಅತ್ತೆಯವರ ದನಿ ಬಂತು. "ಏನಂತ ಅವಂದು? ಇಲ್ಲಿ ಬಂದು ಹೇಳಂತ ಹೇಳು."

ಅತ್ತೆಯವರಿಗೆ ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದಿದ್ದವು. ಶಿವನ ದಯೆ, ನಾಲಿಗೆ ಬೇಗ ಸುಧಾರಿಸಿತು. ಆ ದಯೆಯನ್ನು ಮನೆಯವರೆಲ್ಲ ದಿನಕ್ಕೆ ಎಷ್ಟೋ ಸಲ ಅನುಭವಿಸುತ್ತಿದ್ದೆವು. ಉಳಿದದ್ದೆಲ್ಲ ನನ್ನ ಕೈಯಲ್ಲಿ. ಮುಖ ತೊಳೆಸುವುದು, ತಲೆ ಬಾಚುವುದು, ಬಾಯಿಗೆ ತುತ್ತು ಇಡುವುದು. ಅವರಿಗೆ ಒಂದು ತೊಟ್ಟು ಶ್ರಮವಾಗಬಾರದು, ಅದೇ ನನ್ನ ವ್ರತ ಎಂದು ನಡೆಸಿಕೊಂಡು ಬಂದಿದ್ದೆ. ಓಣಿಯವರೂ ಹೊಗಳುತ್ತಿದ್ದರು.

ಒಂದೇ ಒಂದು ತೊಡಕಿತ್ತು. ಇಷ್ಟಲಿಂಗವನ್ನು ಪೂಜೆಗೆ ಇಟ್ಟುಕೊಳ್ಳುವುದು ಎಡ ಅಂಗೈಯ ಮೇಲೆ. ಇನ್ನೊಬ್ಬರ ಲಿಂಗವನ್ನು ನಾವು ಮುಟ್ಟುವುದಿಲ್ಲ. ಆದ್ದರಿಂದ ಅತ್ತೆಯವರೇ ಬಲಗೈಯಿಂದ ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಳ್ಳುವರು. ಮುಚ್ಚಿಕೊಳ್ಳುವ ಆ ಬೆರಳುಗಳನ್ನು ನಾನು ಕೆಳಗಿನಿಂದ ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ಕೂಡುವೆ. ದಿನಾಲೂ ಹೀಗೆಯೇ. ದಿನಾಲೂ ಪೂಜೆ ಮುಗಿದ ಮೇಲೆ ಅತ್ತೆಯವರದು ಒಂದೇ ಮಾತು.

"ಈ ಪೂಜಾ ನಂದೋ ನಿಂದೋ ತಿಳೀವಲ್ದು ಪಾರೂ."

ಅಂದು ಮಗನ ಸುದ್ದಿ ಕೇಳಿ ಅತ್ತೆಯವರು ಅವರನ್ನು ಹತ್ತಿರ ಕೂಡಿಸಿಕೊಂಡರು. ಆಮೇಲೆ, "ಪಾರೂನ್ನೂ ಕರ್ಕೊಂಡು ಹೋಗು. ನಿನ್ನ ಹೊಟ್ಟಿಹುಣ್ಣಿಗೆ ಅಲ್ಲಿ ಮೆತ್ತಗ ಬೇಯಿಸಿ ಹಾಕಾವ್ರು ಯಾರು? ನನಗ ಗಂಗವ್ವ ಅದಾಳ" ಎಂದರು. ಗಂಗವ್ವ ನಮ್ಮವರ ತಂಗಿ, ವಿಧವೆ, ಹುಬ್ಬಳ್ಳಿಯಲ್ಲಿ ಇರುವಾಕೆ.

ಹೊರಡುವ ದಿನ ನಾನು ಕಾಲು ಮುಟ್ಟಿದಾಗ ಅತ್ತೆಯವರು ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ನನ್ನ ಮುಂದೆ ಹಿಡಿದರು.

"ನನಗ ಅಲ್ಲಿಂದ ಏನೂ ತರಬ್ಯಾಡ. ಇದು ಹೆಂಗ ಏಳತೈತಿ ಅನ್ನೂದಷ್ಟು ಕಲ್ತು ಬಾ." ಕಲಿತು ಬರುತ್ತೇನೆಂದು ಮಾತು ಕೊಟ್ಟೆ.

ಹಡಗು

ಹಡಗು ಯುದ್ಧಕಾಲದಲ್ಲಿ ಸಿಪಾಯಿಗಳನ್ನು ಸಾಗಿಸಿದ್ದು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ, ಒಂದರ ಮೇಲೊಂದು ತೊಟ್ಟಿಲಿನಂಥ ಹಾಸಿಗೆ. ನನ್ನ ಕೆಳಗಿನ ಹಾಸಿಗೆಯ ಮದ್ರಾಸದ ಹೆಂಗಸು ಸಮುದ್ರದಲ್ಲಿ ವಾಂತಿ ಮಾಡಿಕೊಳ್ಳಲು ಹುಟ್ಟಿದವರ ಹಾಗೆ ಇದ್ದರು. ನನಗೆ ಏನೂ ಆಗಲಿಲ್ಲ. ಅಮ್ಮಿನಬಾವಿಯ ತವರುಮನೆಯಿಂದ ಎತ್ತಿನ ಚಕ್ಕಡಿಯಲ್ಲಿ ಓಡಾಡಿದ ಮೈ, ಹಡಗಿನ ತೊನೆದಾಟ ಅದಕ್ಕೆ ಹೊಸದಲ್ಲ.

ಊಟಕ್ಕೆ ಬಟಾಟೆ. ಮರುದಿನವೂ ಬಟಾಟೆ. ನಾನು ಚಟ್ನಿಯ ಡಬ್ಬಿ ತೆರೆದೆ. ಬೆಳ್ಳುಳ್ಳಿಯ ವಾಸನೆಗೆ ಆಚೆ ಮೇಜಿನ ಬಿಳಿಯ ಮಡ್ಡಮ್ಮ ಮೂಗು ಮುಚ್ಚಿಕೊಂಡಳು. ಸುಯೆಜ್ ದಾಟುವುದರೊಳಗೆ ಆಕೆಯೇ ತಟ್ಟೆ ಮುಂದೆ ಮಾಡಿದಳು. ಸುಯೆಜಿನಲ್ಲಿ ಸಣ್ಣ ದೋಣಿಗಳವರು ಹಗ್ಗಕ್ಕೆ ಬುಟ್ಟಿ ಕಟ್ಟಿ ಮೇಲಕ್ಕೆ ಕಳಿಸಿ ಖರ್ಜೂರ ಮಾರುತ್ತಿದ್ದರು. ಚೌಕಾಸಿ ಮಾಡಲು ಅವರ ಮಾತು ಬರಬೇಕೆಂದಿಲ್ಲ, ಗೋಣು ಅಲ್ಲಾಡಿಸಲು ಬಂದರೆ ಸಾಕು. ನಮ್ಮ ಸಂತೆಯಂತೆಯೇ.

ಅತ್ತೆಯವರಿಗೆ ಗಂಗವ್ವ ತುತ್ತು ಸಣ್ಣದಾಗಿ ಮಾಡುತ್ತಾಳೋ ಇಲ್ಲವೋ ಎಂಬ ಚಿಂತೆ ಮಾತ್ರ ಹಡಗಿನಲ್ಲಿ ನನ್ನ ಜೊತೆಗೇ ಬಂತು.

ಬಾಡಿಗೆಯ ಕೋಣೆ

ಆಸ್ಪತ್ರೆ ಲಂಡನ್ನಿನಿಂದ ಸ್ವಲ್ಪ ದೂರದ ಊರಿನಲ್ಲಿತ್ತು. ಅದರ ಹತ್ತಿರವೇ ಒಬ್ಬ ವಿಧವೆಯ ಮನೆಯ ಮೇಲಿನ ಕೋಣೆ ನಮಗೆ ಸಿಕ್ಕಿತು. ಆಕೆಯ ಹೆಸರು ಮಿಸೆಸ್ ಹಾರ್ಪರ್. ಬೀದಿಯ ಒಂದು ಮಗ್ಗುಲಿನ ಮನೆಗಳು ಬಾಂಬಿಗೆ ಬಿದ್ದು, ಆ ಸಾಲು ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ಬಿದ್ದ ಮನೆಯೊಂದರ ಗೋಡೆಯ ಮೇಲೆ ಇನ್ನೂ ಒಂದು ಕನ್ನಡಿ ನೇತಾಡುತ್ತಿತ್ತು.

ಮೊದಲ ಮುಂಜಾನೆ ನಾನು ಸ್ನಾನ, ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಕೆಳಗಿಳಿದೆ. ಮಿಸೆಸ್ ಹಾರ್ಪರ್ ನನ್ನನ್ನು ನೋಡಿದವಳೇ ಅಯ್ಯೋ ಎಂದು ಒದ್ದೆ ಬಟ್ಟೆ ತಂದು ನನ್ನ ಹಣೆಯನ್ನು ಚೆನ್ನಾಗಿ ಒರೆಸಿಬಿಟ್ಟಳು. ಬೆಂಕಿಗೂಡಿನ ಬೂದಿ ತಾಗಿದೆ ಎಂದು ಆಕೆಯ ತಿಳುವಳಿಕೆ. ನಾನು ಮೇಲೆ ಹೋಗಿ ಮತ್ತೆ ಹಚ್ಚಿಕೊಂಡು ಬಂದೆ. ಆಕೆ ಮತ್ತೆ ಬಟ್ಟೆ ಎತ್ತಿದಳು. ನಮ್ಮವರು ನಡುವೆ ಬಂದು ಬಿಡಿಸಿ ಹೇಳಬೇಕಾಯಿತು. ಆಕೆಗೆ ಬಹಳ ನಾಚಿಕೆಯಾಯಿತು. ಅದಕ್ಕೋ ಏನೋ, ಕಲ್ಲಿದ್ದಲಿಗೆ ಅಷ್ಟು ಬರ ಇದ್ದರೂ ನನ್ನ ದಿನದ ಸ್ನಾನಕ್ಕೆ ಒಂದು ಕೆಟಲ್ ಬಿಸಿನೀರು ಬಾಗಿಲ ಹತ್ತಿರ ಇಟ್ಟಿರುತ್ತಿದ್ದಳು. ಆ ಚಳಿಯಲ್ಲಿ ಅದು ಗಂಗೆಯೇ.

ಮುದುಕಿಯರ ವಾರ್ಡು

ನಮ್ಮವರು ಪಾಠಕ್ಕೆ ಹೋದ ಮೇಲೆ ಕೋಣೆಯಲ್ಲಿ ಒಬ್ಬಳೇ ಕೂತು ನನಗೆ ಬೇಸರ. ಸಾಹೇಬರು, "ನಿಮ್ಮ ಮನೆಯವರೂ ಬರಲಿ, ಮುದುಕಿಯರ ಜೊತೆ ಕೂಡಲಿ" ಎಂದರಂತೆ. ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದ ನನಗೆ ನಮ್ಮವರು ಮದುವೆಯಾದ ಮೇಲೆ ಸ್ವಲ್ಪ ಇಂಗ್ಲೀಷು ಕಲಿಸಿದ್ದರು. ಅಲ್ಲಿಯವರ ಮಾತು ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಅವರು ಆಡಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿಯೇ ಬರೆದಿದ್ದೇನೆ.

ಉದ್ದಕ್ಕೆ ಎರಡು ಸಾಲು ಮಂಚ. ಮೊದಲು ಇಲ್ಲಿ ಮುದುಕಿಯರನ್ನು ಸ್ವಚ್ಛ ಮಾಡಿ, ಉಣಿಸಿ, ಮಲಗಿಸಿಯೇ ಇಡುತ್ತಿದ್ದರಂತೆ. ವರ್ಷಗಟ್ಟಲೆ ಮಲಗಿ ಕೆಲವರ ಕಾಲು ಮಡಚಿದಲ್ಲೇ ಗಟ್ಟಿಯಾಗಿದ್ದವು. ಸಾಹೇಬರು ಬಂದ ಮೇಲೆ ಅವರನ್ನು ಎಬ್ಬಿಸಿ ಕೂಡಿಸುವುದು ಶುರುವಾಯಿತು. ಅದನ್ನೇ ಹೊಸ ನರ್ಸುಗಳಿಗೂ ಡಾಕ್ಟರರಿಗೂ ಕಲಿಸುತ್ತಿದ್ದರು.

ಒಂದು ಮಂಚದ ಹತ್ತಿರ ಕುರ್ಚಿಯಲ್ಲಿ ಎಲ್ಸಿ ಎಂಬ ಮುದುಕಿ ಕೂತಿದ್ದಳು. ನಮ್ಮ ಅತ್ತೆಯವರ ಹಾಗೆಯೇ ಎಡಗಡೆ ಬಿದ್ದದ್ದು. ಉಣ್ಣೆಯ ಅಂಗಿಯ ಗುಂಡಿಯನ್ನು ಬಲಗೈಯೊಂದರಿಂದಲೇ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ಗುಂಡಿ ಜಾರುವುದು, ಮತ್ತೆ ಹಿಡಿಯುವುದು. ಅವಳ ಮುಂದೆ ಒಬ್ಬ ಗಟ್ಟಿಮುಟ್ಟಾದ ಹುಡುಗಿ, ನರ್ಸು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನೋಡುತ್ತ ನಿಂತಿದ್ದಳು!

ನನಗೆ ಸಿಟ್ಟು ಬಂತು. ಎಂಥ ದೇಶವಪ್ಪಾ ಇದು ಎಂದುಕೊಂಡೆ. ಊಟದ ಹೊತ್ತಿಗೆ ಎಲ್ಸಿ ಚಮಚದಿಂದ ಗಂಜಿ ಎತ್ತುವಾಗ ಅರ್ಧ ಎದೆಯ ಮೇಲೆ ಬಿತ್ತು. ನರ್ಸು ಆಚೆ ಹೋದದ್ದೇ ತಡ, ನಾನು ಚಮಚ ತೆಗೆದುಕೊಂಡು, ಸೆರಗಿನಿಂದ ಅವಳ ಬಾಯಿ ಒರೆಸಿ, ಬಟ್ಟಲು ಖಾಲಿಯಾಗುವತನಕ ಉಣಿಸಿದೆ. ಎಲ್ಸಿ ಎರಡು ಸಲ ಏನೋ ಅಂದಳು. ಉಪಕಾರ ಸ್ಮರಣೆ ಇರಬೇಕೆಂದು ನಾನು ಇನ್ನೊಂದು ಚಮಚ ಇಟ್ಟೆ.

ಹಿಂದೆ ವಾರ್ಡಿನ ಹಿರಿಯ ನರ್ಸು ನಿಂತಿದ್ದಳು. ಆಕೆಯನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಕೆಂಪು ಮುಖ, ಬಿಳಿ ಟೊಪ್ಪಿಗೆ, ಸಿಟ್ಟು ಬಂದರೆ ದನಿ ಇಳಿಯುವ ಹೆಂಗಸು.

"ಇವತ್ತ ನೀವು ಆಕಿದು ಒಂದು ವಾರದ ಕೆಲಸಾ ಕೆಡಿಸಿದ್ರಿ" ಎಂದಳು.

ನನಗೆ ಕಣ್ಣಲ್ಲಿ ನೀರೇ ಬಂತು. ಉಣಿಸಿದ್ದಕ್ಕೆ ಬೈಸಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಸಂಜೆ ನಮ್ಮವರ ಮುಂದೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಳೆ ಹೊಸ ನರ್ಸುಗಳಿಗೆ ಪಾಠ ಐತಿ. ನಿನಗೂ ಬಾ ಅಂದಾರ" ಎಂದರು.

"ನಾ ಬರಂಗಿಲ್ರಿ."

"ಅವ್ವನ ಕೈ ಎಬ್ಬಿಸೂದು ಕಲ್ತು ಬರ್ತೀನಿ ಅಂತ ಮಾತು ಕೊಟ್ಟಿದ್ದಿಲ್ಲೇನು?"

ಹೋದೆ.

ಮಂಚದ ಮೇಲಿನ ಪಾಠ

ಹಲಗೆ, ಸುಣ್ಣದಕಡ್ಡಿ ಏನೂ ಇರಲಿಲ್ಲ. ಖಾಲಿ ಮಂಚಗಳಿದ್ದವು. ಅರ್ಧ ನರ್ಸುಗಳನ್ನು ಮಲಗಿಸಿದರು, ನಮ್ಮವರನ್ನೂ ಇನ್ನೊಬ್ಬ ಡಾಕ್ಟರನ್ನೂ ಮಲಗಿಸಿದರು. ನನ್ನನ್ನು ಸಿಸ್ಟರ್ ತಾನೇ ಮಲಗಿಸಿ ಎಡಗೈಯನ್ನು ಪಟ್ಟಿಯಿಂದ ಮೈಗೆ ಬಿಗಿದಳು. ಎಡಗಾಲು ಅಲ್ಲಾಡಿಸಬೇಡ ಎಂದಳು. ಮಧ್ಯಾಹ್ನದತನಕ ನಾನು ಅತ್ತೆ, ಒಬ್ಬ ಎಳೆಯ ನರ್ಸು ನನ್ನ ಸೊಸೆ.

ಮೊದಮೊದಲು ಹಿತವಾಗಿತ್ತು. ಮದುವೆಯಾದ ಮೇಲೆ ಹಗಲಲ್ಲಿ ಮಲಗಿದ್ದು ಜ್ವರ ಬಂದಾಗ ಮಾತ್ರ. ಆಮೇಲೆ ಮೂಗಿನ ತುದಿ ತುರಿಸತೊಡಗಿತು. ಬಲಗೈ ಬಿಡುವಾಗಿತ್ತು, ಆದರೆ ನಾನು ಎತ್ತುವುದರೊಳಗೆ ನರ್ಸು ಓಡಿಬಂದು ತಾನೇ ತುರಿಸಿದಳು. ಬೇರೆ ಕಡೆ ತುರಿಸಿದಳು. ಮೇಲೆ ನೋಡಿದರೆ ಬರಿಯ ಮಾಳಿಗೆ. ಮಾತಾಡುವವರೆಲ್ಲ ನನ್ನ ಮೇಲಿನಿಂದ ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಗಂಜಿ ಬಂತು. ಒಂದು ಚಮಚ ನುಂಗುವುದರೊಳಗೆ ಇನ್ನೊಂದು ತುಟಿಯ ಹತ್ತಿರ ಇರುತ್ತಿತ್ತು. ಆ ಹುಡುಗಿ ಕೆಟ್ಟವಳಲ್ಲ. ಪ್ರೀತಿಯಿಂದಲೇ ಉಣಿಸುತ್ತಿದ್ದಳು. ನಾನು ಸಾಕು ಎಂದೆ. ಪಾಪ ಎಂದು ಅವಳು ಇನ್ನೊಂದು ಚಮಚ ಇಟ್ಟಳು.

ಆಗ ನನಗೆ ಅತ್ತೆಯವರ ದನಿ ಕೇಳಿದಂತಾಯಿತು. "ಈ ಪೂಜಾ ನಂದೋ ನಿಂದೋ ತಿಳೀವಲ್ದು ಪಾರೂ."

ಪಟ್ಟಿ ಬಿಚ್ಚಿದ ಮೇಲೆ ಸಿಸ್ಟರ್ ಎಲ್ಲರನ್ನೂ ಎಲ್ಸಿಯ ಮುಂದೆ ನಿಲ್ಲಿಸಿದಳು. "ಕೈ ಹಿಂದಕ್ಕ" ಎಂದಳು. ಎಲ್ಲರೂ ಬೆನ್ನ ಹಿಂದೆ ಕೈ ಕಟ್ಟಿದೆವು. ಎಲ್ಸಿ ಅಂದು ತನ್ನ ಚಹಾ ತಾನೇ ಬಗ್ಗಿಸಿಕೊಳ್ಳಬೇಕಿತ್ತು. ಮೊಣಕೈ ಕೆಳಗೆ ದಿಂಬು ಇಟ್ಟಿದ್ದರು. ಮೇಜು ಅವಳ ಎತ್ತರಕ್ಕೆ ಸರಿಯಾಗಿತ್ತು, ಕಾಲು ಎರಡೂ ನೆಲಕ್ಕೆ ಊರಿದ್ದವು. ಕೈ ಕಟ್ಟಿ ನಿಲ್ಲುವುದೆಂದರೆ ಬಿಟ್ಟುಬಿಡುವುದಲ್ಲ ಎಂದು ನಾನು ಕಂಡದ್ದು ಆಗ. ಬೀಳದ ಹಾಗೆ ಎಲ್ಲವನ್ನೂ ಮೊದಲೇ ಹೊಂದಿಸಿಟ್ಟು, ಆಮೇಲೆ ಕೈ ಕಟ್ಟುವುದು. ಕಣ್ಣು ಮಾತ್ರ ಕಟ್ಟುವಂತಿಲ್ಲ. ಕಪ್ಪು ಒಡೆಯಿತು. ಕಪ್ಪು ಸಿಗುವುದೇ ಕಷ್ಟವಾದ ಕಾಲವದು, ಆದರೂ ಸಿಸ್ಟರ್ ಇನ್ನೊಂದು ತಂದಿಟ್ಟಳು.

ಆ ಮಂದಿ ಮುಪ್ಪಾದವರನ್ನು ಆಸ್ಪತ್ರೆಗೆ ಹಾಕಿ ಮರೆತುಬಿಡುತ್ತಾರೆ ಎಂದು ನಮ್ಮಲ್ಲಿ ಹೇಳುವುದನ್ನು ಕೇಳಿಕೊಂಡೇ ನಾನು ಹೋದವಳು. ಹಾಗೆ ಮರೆತವರೂ ಇದ್ದರು. ಎಲ್ಸಿಯ ಮಗಳು ಮಾತ್ರ ಪ್ರತಿ ಭಾನುವಾರ ಗಿರಣಿಯ ಕೆಲಸದ ದಣಿವಿನಲ್ಲಿ ಬಂದು, ತಾಯಿಯ ಕಾಲಿಗೆ ಎಣ್ಣೆ ಹಚ್ಚುತ್ತ ಅಲ್ಲೇ ತೂಕಡಿಸುತ್ತಿದ್ದಳು. ಮೊದಮೊದಲು ಅವಳೂ ನನ್ನ ಹಾಗೆಯೇ ಗುಂಡಿ ಹಾಕಲು ಹೋಗಿ ಸಿಸ್ಟರ್‌ನಿಂದ ಬೈಸಿಕೊಂಡಿದ್ದಳಂತೆ. ಅದು ಕೇಳಿ ನನಗೆ ಸಮಾಧಾನವಾಯಿತು.

ಮುಚ್ಚಿದ ಬೆರಳನ್ನು ಬಿಸಿನೀರಿನಲ್ಲಿ ಇಟ್ಟು ಒಂದೊಂದಾಗಿ ಬಿಡಿಸುವುದು, ಕೈಯನ್ನು ಅವರಿಂದಲೇ ಅವರ ಇನ್ನೊಂದು ಕೈಯಿಂದ ಎತ್ತಿಸುವುದು, ಭುಜ ಜಗ್ಗದ ಹಾಗೆ ಕೂಡಿಸುವುದು, ಇವನ್ನೆಲ್ಲ ಚಳಿಗಾಲ ಪೂರ್ತಿ ನೋಡಿದೆ, ಆಮೇಲೆ ಮಾಡಿದೆ. ಎಲ್ಸಿಯ ಅಂಗೈಯಲ್ಲಿ ಉಣ್ಣೆಯ ಉಂಡೆ ನಿಲ್ಲಿಸುವ ಕೆಲಸ ನನಗೇ ಬಂತು. ಉಂಡೆ ಮಂಚದ ಕೆಳಗೆಲ್ಲ ಉರುಳುತ್ತಿತ್ತು. ಎಲ್ಸಿ ಬೈಯುತ್ತಿದ್ದಳು, ನಾನು ಹೆಕ್ಕುತ್ತಿದ್ದೆ. ನಾವು ಹೊರಡುವ ಮುನ್ನಾದಿನ ಅವಳು ನನಗೆ ಚಹಾ ಬಗ್ಗಿಸಿಕೊಟ್ಟಳು. ತಟ್ಟೆಯಲ್ಲಿ ಅರ್ಧ, ಕಪ್ಪಿನಲ್ಲಿ ಅರ್ಧ. ಎರಡನ್ನೂ ಕುಡಿದೆ.

ತಿರುಗಿ ಧಾರವಾಡ

ಸ್ಟೇಶನ್ನಿನಿಂದ ಟಾಂಗಾದಲ್ಲಿ ಮನೆಗೆ ಬಂದೆವು. ಅತ್ತೆಯವರು ಮಂಚದ ಮೇಲೆ ಇದ್ದಂತೆಯೇ ಇದ್ದರು, ಮೈ ಸ್ವಚ್ಛ, ತಲೆ ನುಣುಪು. ಗಂಗವ್ವ ನನ್ನಷ್ಟೇ ಚೆನ್ನಾಗಿ ನೋಡಿಕೊಂಡಿದ್ದಳು. ಎಡಗೈಯ ಬೆರಳು ಮಾತ್ರ ಇನ್ನಷ್ಟು ಮುಚ್ಚಿದ್ದವು.

"ಕಲ್ತು ಬಂದ್ಯೇನ?" ಎಂದರು ಅತ್ತೆಯವರು.

"ಬಂದೀನ್ರಿ. ಆದ್ರ ನೀವ ಮಾಡಬೇಕ್ರಿ. ನಾ ಮಾಡಂಗಿಲ್ಲ."

ಮರುದಿನ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿ, ತಟ್ಟೆಯನ್ನು ಮುಂದಿಟ್ಟು ನಾನು ಕೈ ಹಿಂದೆ ಕಟ್ಟಿದೆ. ರೊಟ್ಟಿ ಮುರಿಯಲು ಅವರ ಬಲಗೈ ಒದ್ದಾಡಿತು, ಪಲ್ಯ ಸೀರೆಯ ಮೇಲೆ ಬಿತ್ತು. ಅವರ ಕಣ್ಣು ತುಂಬಿದವು. ಗಂಗವ್ವ ಅಡಿಗೆಮನೆಯಿಂದ ಬಂದಳು.

"ಏನ ವೈನಿ ಇದು? ವಿಲಾಯತಿ ನೀರು ಕುಡದು ಬಂದ ಮ್ಯಾಲೆ ನಮ್ಮವ್ವನ ಬಾಯಾಗ ತುತ್ತು ಇಡಾಕ ಕೈ ನೋಯ್ತಾವೇನ?"

ಓಣಿಯಲ್ಲಿಯೂ ಅದೇ ಮಾತಾಯಿತು. ಪಕ್ಕದ ಮನೆಯಾಕೆ ಸಕ್ಕರೆ ಕೇಳುವ ನೆವದಿಂದ ಬಂದು ನನ್ನ ಕಟ್ಟಿದ ಕೈ ನೋಡಿಹೋದಳು. ಕೈ ಕಟ್ಟಿ ನಿಲ್ಲುವುದು ತುತ್ತು ಇಡುವುದಕ್ಕಿಂತ ಕಷ್ಟ ಎಂದು ಹೇಳಿದರೆ ಯಾರು ನಂಬುವರು?

ನಮ್ಮವರಿಗೂ ಆಸ್ಪತ್ರೆಯಲ್ಲಿ ಅದೇ ಪಾಡು. ನರ್ಸುಗಳನ್ನೂ ಕಂಪೌಂಡರರನ್ನೂ ಮಂಚದ ಮೇಲೆ ಮಲಗಿಸಿದರೆ ಅವರು ಮುಸುಕು ಹಾಕಿಕೊಂಡು ನಗುತ್ತಿದ್ದರಂತೆ. ಕೊನೆಗೆ ಇಬ್ಬರು ನರ್ಸುಗಳನ್ನು ಮನೆಗೇ ಕರೆತಂದರು. ಒಬ್ಬಳು ಅತ್ತೆಯವರ ಬಗಲಿಗೆ ಕೈ ಹಾಕಿ ಎತ್ತಲು ಹೋದಳು.

"ಏ ತಂಗಿ, ಭುಜಾ ಜಗ್ಗಬ್ಯಾಡ. ನಾ ಏನ ಜ್ವಾಳದ ಚೀಲಾ?" ಎಂದರು ಅತ್ತೆಯವರು. "ಮೊದ್ಲ ಮುಂದ ಬಾಗಂತ ನನಗ ಹೇಳು. ಹೇಳದ ಮುಟ್ಟಬ್ಯಾಡ."

ಅಂದಿನಿಂದ ಅವರಿಗೆ ಉಮೇದು ಬಂತು. ನರ್ಸುಗಳು ಬರುವ ದಿನ ತಾವೇ ಮುಖ ತೊಳೆದು, ಒಗೆದ ಸೀರೆ ಕೇಳಿ ಉಟ್ಟು ಕೂಡುವರು. ಪಾಠ ಹೇಳುವವರು ನಮ್ಮವರು, ತಪ್ಪು ಹಿಡಿಯುವವರು ಅತ್ತೆಯವರು.

ಕೈಯ ಕೆಲಸ ನಿಧಾನಕ್ಕೆ ಸಾಗಿತು. ಉಣ್ಣೆಯ ಉಂಡೆ ನಮ್ಮ ಮನೆಯಲ್ಲೆಲ್ಲಿ? ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿಡುತ್ತಿದ್ದೆ. ಅದು ಬೀಳುತ್ತಿತ್ತು, ಒಡೆಯುತ್ತಿತ್ತು. ಒಡೆದ ಚೂರುಗಳನ್ನು ಹೆಕ್ಕಿ ಹಣೆಗೆ ಹಚ್ಚಿಕೊಳ್ಳುತ್ತಿದ್ದೆವು, ಒಂದೂ ಹಾಳಾಗಲಿಲ್ಲ. ಬಿಸಿನೀರು, ಬೆರಳು, ವಿಭೂತಿ, ಇಷ್ಟೇ ನಮ್ಮ ಬೇಸಿಗೆ. ಗಟ್ಟಿ ನಿಂತ ದಿನಗಳೂ ಬಂದವು. ಆದರೆ ಲಿಂಗಪೂಜೆಯಲ್ಲಿ ಮಾತ್ರ ನನ್ನ ಕೈ ಕೆಳಗೆ ಇದ್ದೇ ಇರುತ್ತಿತ್ತು. ವಿಭೂತಿ ಬಿದ್ದರೆ ಚೂರಾಗುತ್ತದೆ. ಲಿಂಗ ಬಿದ್ದರೆ? ಬಿದ್ದರೆ ಪ್ರಾಣವೇ ಹೋದಂತೆ ಎಂದು ನಂಬಿದವರು ನಾವು. ಕೈ ಬಿಡು ಎಂದು ಅತ್ತೆಯವರೂ ಕೇಳಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಮುಂಜಾನೆ ಕೇಳಿದರು.

"ಪಾರೂ, ಇವತ್ತ ಕೈ ಹಿಂದಕ್ಕ ಕಟ್ಟು."

ಹುಬ್ಬಳ್ಳಿಗೆ ಮರಳದೆ ಇನ್ನೂ ನಮ್ಮಲ್ಲೇ ಇದ್ದ ಗಂಗವ್ವ ಬಾಗಿಲಲ್ಲೇ ನಿಂತಳು. "ಯವ್ವಾ, ಬ್ಯಾಡ! ಬಿದ್ದ್ರ ಏನ್ ಗತಿ?"

"ಬಿದ್ದ್ರ ನನ್ನ ಉಡ್ಯಾಗ ಬೀಳತೈತಿ. ಉಡಿ ನಂದ ಐತಿ."

ನಾನು ಮೊಣಕೈ ಕೆಳಗೆ ದಿಂಬು ಇಟ್ಟೆ. ಮಡಿಲಲ್ಲಿ ಮಡಚಿದ ರೇಶಿಮೆ ವಸ್ತ್ರ ಹಾಸಿ, ನೀರಿನ ಗಿಂಡಿ, ವಿಭೂತಿ, ಬಿಲ್ವಪತ್ರಿ ಎಲ್ಲ ಬಲಗೈಗೆ ಸಿಗುವಂತೆ ಹೊಂದಿಸಿದೆ. ಮುಂದೆ ಹೊಂದಿಸಲು ಏನೂ ಉಳಿಯಲಿಲ್ಲ. ಕೈ ಹಿಂದೆ ಕಟ್ಟಿದೆ. ಒಂದು ಕೈ ಇನ್ನೊಂದನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಳೆಯ ಗುರುತು ಸಂಜೆಯವರೆಗೆ ಉಳಿದಿತ್ತು.

ಅತ್ತೆಯವರು ಬಲಗೈಯಿಂದ ಎಡಗೈಯ ಬೆರಳುಗಳನ್ನು ಬಿಡಿಸಿದರು. ಕರಡಿಗೆ ತೆರೆದು ಲಿಂಗವನ್ನು ಅಂಗೈಯ ಮೇಲೆ ಇಟ್ಟುಕೊಂಡರು. ಬೆರಳುಗಳು ಮುಚ್ಚಲು ಬಂದವು, ಅರ್ಧಕ್ಕೆ ನಿಂತವು. ಲಿಂಗವನ್ನು ಆ ಅರ್ಧ ಮುಚ್ಚಿದ ಬೆರಳುಗಳೇ ಹಿಡಿದುಕೊಂಡಿದ್ದವು. ನೀರೆರೆದರು. ಅರ್ಧ ದಿಂಬಿನ ಮೇಲೆ ಹೋಯಿತು. ವಿಭೂತಿ ಹಚ್ಚಿದರು. ಪತ್ರಿ ಏರಿಸುವಾಗ ಅದು ಜಾರಿ ಕೆಳಗೆ ಬಿತ್ತು.

ನಾನು ಬಗ್ಗಿದೆ.

"ಬ್ಯಾಡ" ಎಂದರು ಅತ್ತೆಯವರು, ಕಣ್ಣು ಲಿಂಗದ ಮೇಲಿಂದ ತೆಗೆಯದೆ. "ಇನ್ನೊಂದು ಪತ್ರಿ ಐತಿ. ನಾನ ತಗೋತೀನಿ."

ತೆಗೆದುಕೊಂಡರು, ಏರಿಸಿದರು. ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅತ್ತೆಯವರು ಬಹಳ ಹೊತ್ತು ತಮ್ಮ ಅಂಗೈಯನ್ನೇ ನೋಡುತ್ತ ಕೂತರು. ಆಮೇಲೆ ಲಿಂಗವನ್ನು ಕರಡಿಗೆಗೆ ಸೇರಿಸಿ ನನ್ನ ಕಡೆ ನೋಡಿದರು.

"ನೀ ಯಾಕ ಇಲ್ಲೆ ನಿಂತಿ? ನನ್ನ ಪೂಜಾ ಮುಗೀತು. ಒಲಿ ಮ್ಯಾಲಿನ ಹಂಚು ಏನಾತ ನೋಡು ಹೋಗು."

ಹಂಚು ಕಾದು ಹೊಗೆಯಾಡುತ್ತಿತ್ತು. ಬಿಗಿ ಹಿಡಿದು ಮರಗಟ್ಟಿದ ಕೈಗಳನ್ನು ಬಿಡಿಸಿಕೊಂಡು ಹಿಟ್ಟು ನಾದಿ, ಮೊದಲ ರೊಟ್ಟಿ ತಟ್ಟತೊಡಗಿದೆ.